ಮಳೆಯ ಪುಸ್ತಕದಲ್ಲಿ ಕಪ್ಪೆಗೂ ಒಂದು ಅಂಕಣ

ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರ ಪತ್ರ: "ಶಾಲಾ ಮಕ್ಕಳು ರಾತ್ರಿ ಗದ್ದೆಯ ಬದಿಯಲ್ಲಿ ನಿಂತು ಕಪ್ಪೆಗಳ ಕೂಗನ್ನು ಮೊಬೈಲಿನಲ್ಲಿ ದಾಖಲಿಸಿದ ಸುದ್ದಿಯನ್ನು ನಿಮ್ಮ ಕಳೆದ ಸಂಚಿಕೆಯಲ್ಲಿ ಓದಿದೆ. ಇದು ವಿಜ್ಞಾನಿಗಳ ಕೆಲಸ. ತರಬೇತಿಯಿಲ್ಲದವರು ಬರೆದಿಟ್ಟ ಲೆಕ್ಕ ಯಾರ ಉಪಯೋಗಕ್ಕೆ? ಹಿಂದೆ ನಾಟಿಯ ದಿನಗಳಲ್ಲಿ ನಮ್ಮ ಕೆಳಗಿನ ಗದ್ದೆಯ ಕಪ್ಪೆಗಳ ಗದ್ದಲಕ್ಕೆ ನಿದ್ದೆ ಬರುತ್ತಿರಲಿಲ್ಲ. ಗದ್ದೆ ಪಾಳು ಬಿದ್ದು ಆರು ವರ್ಷವಾಯಿತು, ಈಗ ಸದ್ದೇ ಇಲ್ಲ. ಮಕ್ಕಳು ಎಣಿಸಿದರೆ ಅವು ಮರಳಿ ಬರುತ್ತವೆಯೇ?"

ಮಾನ್ಯರೇ, ತರಬೇತಿಯಿಲ್ಲದವರ ಲೆಕ್ಕವನ್ನು ಪ್ರಶ್ನಿಸಿದ ಪತ್ರದಲ್ಲಿಯೇ ನೀವು ಅಂಥದ್ದೊಂದು ಲೆಕ್ಕವನ್ನು ಕೊಟ್ಟಿದ್ದೀರಿ. ಯಾವ ಗದ್ದೆ, ಯಾವ ಕಾಲ, ಎಷ್ಟು ವರ್ಷಗಳಿಂದ ಮೌನ ಎಂಬ ಮೂರೂ ಸಂಗತಿಗಳು ಅದರಲ್ಲಿವೆ. ನಿಮ್ಮ ಹೊರತು ಇದನ್ನು ಹೇಳಬಲ್ಲವರು ಬೇರೆ ಯಾರೂ ಇಲ್ಲ.

ನಿಮ್ಮ ಆತಂಕದಲ್ಲಿ ನ್ಯಾಯವಿದೆ, ಒಪ್ಪುತ್ತೇನೆ. ಹೊಸಬರು ಒಂದು ಜಾತಿಯನ್ನು ಇನ್ನೊಂದೆಂದು ಬರೆಯುತ್ತಾರೆ. ಚಿತ್ರದ ಆಸೆಗೆ ಕಪ್ಪೆಯನ್ನು ಹಿಡಿದು ಎಲೆಯ ಮೇಲೆ ಕೂರಿಸುವವರೂ ಇದ್ದಾರೆ, ಅದು ತಪ್ಪು. ಆದರೆ ಕೂಗುವುದು ಸಾಮಾನ್ಯವಾಗಿ ಗಂಡು ಕಪ್ಪೆ, ಮತ್ತು ಒಂದೊಂದು ಜಾತಿಗೂ ಅದರದೇ ಕೂಗು. ಮಗು ಹೆಸರು ತಪ್ಪಾಗಿ ಬರೆದಿದ್ದರೂ ಧ್ವನಿಮುದ್ರಣವನ್ನು ತಜ್ಞರು ಎಷ್ಟು ಸಲ ಬೇಕಾದರೂ ಕೇಳಿ ತಿದ್ದಬಹುದು. ಆಸ್ಟ್ರೇಲಿಯಾದ ವಸ್ತುಸಂಗ್ರಹಾಲಯವೊಂದು 2017ರಲ್ಲಿ ಆರಂಭಿಸಿದ 'ಫ್ರಾಗ್ ಐಡಿ' ನಡೆಯುತ್ತಿರುವುದು ಹೀಗೆಯೇ: ಜನ ಕೂಗನ್ನು ಕಳುಹಿಸುತ್ತಾರೆ, ತಜ್ಞರು ಕೇಳಿ ಗುರುತಿಸುತ್ತಾರೆ.

ನನ್ನ ತಂದೆ ಒಂದು ಕಾಫಿ ತೋಟದಲ್ಲಿ ರೈಟರ್, ಎಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಪ್ರತಿದಿನ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟು (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕಕ್ಕೆ ಏರಿಸದೆ ಅವರು ಕಾಫಿ ಕುಡಿಯುತ್ತಿರಲಿಲ್ಲ. ಕೊಡಗಿನಲ್ಲಿ ಇಂಥ ಪುಸ್ತಕವಿಲ್ಲದ ತೋಟ ಅಪರೂಪ. ನಿಮ್ಮ ಮನೆಯಲ್ಲಿಯೂ ಇದ್ದೇ ಇರುತ್ತದೆ. ಹವಾಮಾನ ಶಾಸ್ತ್ರ ಓದಿದವರು ಮಾತ್ರ ಮಳೆ ಅಳೆಯಬೇಕೆಂದು ನಮ್ಮ ಹಿರಿಯರು ಯಾರೂ ಹೇಳಲಿಲ್ಲ. ತಂದೆಯವರ ಪುಸ್ತಕದ ಅಂಚಿನಲ್ಲಿ ಕೆಲವು ದಿನ "ರಾತ್ರಿ ಕೆರೆಯಲ್ಲಿ ಕಪ್ಪೆ ಜೋರು" ಎಂಬ ಟಿಪ್ಪಣಿಯಿದೆ. ಆ ಕೆರೆಗೆ ಮಣ್ಣು ತುಂಬಿ ಈಗ ವಾಹನ ನಿಲ್ಲಿಸುತ್ತಾರೆ. ಅಲ್ಲೊಂದು ಕೆರೆಯಿತ್ತು, ಅದರಲ್ಲಿ ಜೀವವಿತ್ತು ಎನ್ನುವುದಕ್ಕೆ ನನ್ನ ಬಳಿ ಉಳಿದಿರುವುದು ಆ ಪೆನ್ಸಿಲ್ ಗೆರೆಗಳಷ್ಟೇ.

ವಿಜ್ಞಾನಿಗಳ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ ಅವರು 1920ರಲ್ಲಿಯೇ ಕೊಡಗಿನ ಇರುಳುಗಪ್ಪೆಯೊಂದನ್ನು ಲೋಕಕ್ಕೆ ಪರಿಚಯಿಸಿ, 'ಪವಿತ್ರ ಜೌಗಿನದು' ಎಂಬ ಅರ್ಥ ಬರುವ ಲ್ಯಾಟಿನ್ ಹೆಸರಿಟ್ಟರು. 'ಕರೆಂಟ್ ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯ ಮೊದಲ ಸಂಪಾದಕರೂ ಅವರೇ ಎಂಬುದು ನನಗೆ ವಿಶೇಷ ಅಭಿಮಾನದ ವಿಷಯ. ನಮ್ಮ ಕಾಫಿ ಗಿಡಗಳಲ್ಲಿ ಮಳೆಗಾಲದ ಸಂಜೆ ಟಿಕ್ ಟಿಕ್ ಎನ್ನುವ, ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಯಾಗಿ ಹೊರಬರುವ ಪುಟ್ಟ ಪೊದೆಗಪ್ಪೆಗಳ ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂಬ ಹೆಸರು ಬಂದಿರುವುದು ಅವರ ನೆನಪಿನಲ್ಲಿ. ಆದರೆ ಅವರು ವಿವರಿಸಿದ ಆ ಇರುಳುಗಪ್ಪೆ ವಿಜ್ಞಾನದ ಕಣ್ಣಿಗೆ ಮತ್ತೆ ಬಿದ್ದ ಸುದ್ದಿ ಹೊರಬಂದದ್ದು 2011ರಲ್ಲಿ, ಕಪ್ಪೆ ತಜ್ಞ ಎಸ್.ಡಿ. ಬಿಜು ಮತ್ತು ಸಂಗಡಿಗರ ಅಧ್ಯಯನದಿಂದ. ನಡುವಿನ 91 ವರ್ಷವೂ ಮಳೆ ಸುರಿಯಿತು, ಜನ ತೋಡುಗಳ ಪಕ್ಕದಲ್ಲಿಯೇ ಬಾಳಿದರು. ಅವರು ಏನು ಕೇಳಿದರೆಂದು ಯಾರೂ ವಿಚಾರಿಸಲಿಲ್ಲ. ಬೆರಳೆಣಿಕೆಯ ತಜ್ಞರು ಇಡೀ ಪಶ್ಚಿಮ ಘಟ್ಟವನ್ನು ಪ್ರತಿ ಮಳೆಗಾಲದಲ್ಲಿಯೂ ಕಾಯುವುದು ಸಾಧ್ಯವೇ?

ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಬೇರೆಯಿದೆ. ಗದ್ದೆಯೊಂದಕ್ಕೆ ಮಣ್ಣು ತುಂಬಿಸುತ್ತಿದ್ದುದನ್ನು ಕಂಡು ಒಂದು ಕಚೇರಿಗೆ ದೂರು ಕೊಡಲು ಹೋಗಿದ್ದೆ. "ಗದ್ದೆ ಜೌಗು ಪ್ರದೇಶವಲ್ಲ" ಎಂದು ಹೇಳಿ ಕಳುಹಿಸಿದರು. ಅವರು ಹೇಳಿದ್ದು ಸುಳ್ಳಲ್ಲ: 2017ರ ಜೌಗು ಪ್ರದೇಶ ಸಂರಕ್ಷಣಾ ನಿಯಮಗಳು ಭತ್ತದ ಗದ್ದೆಗಳನ್ನೂ, ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನೂ ಹೊರಗಿಟ್ಟಿವೆ. ಜೌಗು ಪ್ರದೇಶಗಳ ರಕ್ಷಣೆಗೆಂದು ದೇಶಗಳು ಮಾಡಿಕೊಂಡ, ಭಾರತ 1982ರಿಂದ ಸದಸ್ಯನಾಗಿರುವ ರಾಮ್ಸಾರ್ ಒಪ್ಪಂದವಾದರೋ 2008ರ ಸಮಾವೇಶದಲ್ಲಿ ಭತ್ತದ ಗದ್ದೆಗಳ ಜೀವವೈವಿಧ್ಯಕ್ಕೆಂದೇ ನಿರ್ಣಯ ಮಾಡಿತು. ಗುಡ್ಡದಿಂದ ಇಳಿದ ನೀರು ನಿಂತು, ಇಂಗಿ, ಕಾವೇರಿಯ ಕಡೆಗೆ ಸಾಗುವುದು ನಮ್ಮ ಕಣಿವೆಯ ಗದ್ದೆಗಳ ಮೂಲಕವೇ. ಅದನ್ನು ಒಣ ಜಮೀನೆಂದು ಭಾವಿಸುವ ಕಾಗದದ ಮುಂದೆ ಇಡಲು ನಮಗೆ ಬೇಕಾದದ್ದು ದಿನಾಂಕವಿರುವ, ಕಿವಿಯಿಂದ ಕೇಳಬಹುದಾದ ಸಾಕ್ಷಿ. ಕಪ್ಪೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ತೆಳುವಾದ ಚರ್ಮದಿಂದ ನೀರನ್ನು ಹೀರುವ ಅದು ಶುಂಠಿಗೆ ಹೊಡೆದ ಔಷಧವನ್ನು ನಮಗಿಂತ ಮೊದಲು ಅನುಭವಿಸುತ್ತದೆ.

ಕನ್ನಡದ ಮಾತನ್ನೂ ಆಡಿಬಿಡುತ್ತೇನೆ. ಉತ್ತರ ಕನ್ನಡದಲ್ಲಿ ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುವ ಕಪ್ಪೆಗೆ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ 'ಕುಂಬಾರ' ಎಂದೇ ವೈಜ್ಞಾನಿಕ ಹೆಸರಿಟ್ಟರು. ವಿಜ್ಞಾನಕ್ಕೆ ನಮ್ಮ ಪದ ಸಲ್ಲುತ್ತದೆ, ನಮ್ಮ ಶಾಲೆಗಳಿಗೆ ಸಲ್ಲುತ್ತಿಲ್ಲ. ಎಲ್ಲವನ್ನೂ 'ಕಪ್ಪೆ' ಎಂಬ ಒಂದೇ ಮಾತಿನಲ್ಲಿ ಮುಗಿಸುವ ಪಠ್ಯ ಓದಿದ ಮಗು ಆರು ಕೂಗುಗಳ ವ್ಯತ್ಯಾಸವನ್ನು ಕೇಳಲು ಕಲಿಯುವುದು ಗದ್ದೆಯ ಬದಿಯಲ್ಲಿ ನಿಂತಾಗಲೇ.

ಮಕ್ಕಳು ಎಣಿಸಿದ ಮಾತ್ರಕ್ಕೆ ಕಪ್ಪೆಗಳು ಮರಳಿ ಬರುವುದಿಲ್ಲ. ಏರಿ ಕಟ್ಟಿ, ಗೊದಮೊಟ್ಟೆ ಬೆಳೆಯುವಷ್ಟು ವಾರ ನೀರು ನಿಲ್ಲಿಸಿದರೆ ಬರಬಹುದು. ಬಂದದ್ದು ತಿಳಿಯಬೇಕಾದರೆ ಈಗಿನ ಮೌನವೂ ದಾಖಲಾಗಿರಬೇಕು. ಆದುದರಿಂದ ಈ ಕಕ್ಕಡದಲ್ಲಿ, ಎಂದರೆ ನಮ್ಮ ಕೊಡಗಿನ ಜೋರು ಮಳೆಯ ತಿಂಗಳಲ್ಲಿ, ವಾರಕ್ಕೊಂದು ಸಂಜೆ, ಕತ್ತಲಾದ ಮೇಲೆ, ಅದೇ ಗದ್ದೆಯ ಏರಿಯ ಮೇಲೆ ಐದು ನಿಮಿಷ ನಿಂತು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಯಾವುದನ್ನೂ ಮುಟ್ಟುವುದು ಬೇಡ. ಏನೂ ಕೇಳಿಸದಿದ್ದರೆ "ಸದ್ದಿಲ್ಲ" ಎಂದು ಮಳೆಯ ಲೆಕ್ಕದ ಪಕ್ಕದಲ್ಲಿಯೇ ಬರೆಯಿರಿ. ಗದ್ದೆಗೆ ಕೊನೆಯ ಬಾರಿ ನಾಟಿ ಹಾಕಿದ ವರ್ಷದ ಪುಟದ ನಕಲನ್ನು ಅದರೊಂದಿಗೆ ನಮಗೆ ಕಳುಹಿಸಿಕೊಟ್ಟರೆ ಎರಡನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ