ತುಂಗಾ ತೀರದಲ್ಲಿ ಮರಳು ಬ್ಲಾಕ್ ಗುರುತಿಸುವಾಗ ಏನೇನು ನೋಡಬೇಕು?

ತೀರ್ಥಹಳ್ಳಿ ಕಡೆಯ ಊರಿನ ಹತ್ತಿರ ಬ್ಲಾಕ್ (ಮರಳು ತೆಗೆಯಲು ಗುರುತಿಸುವ ಜಾಗ) ಬರುತ್ತದೆ ಎಂದರೆ ಮೊದಲು ಜಿಲ್ಲಾ ಸಮೀಕ್ಷಾ ವರದಿ, ಅಂದರೆ ಜಿಲ್ಲೆಯಲ್ಲಿ ಎಲ್ಲೆಲ್ಲಿ ಮರಳು ತೆಗೆಯಬಹುದು ಎಂದು ಹೇಳುವ ವರದಿ, ತೆಗೆದು ನೋಡಿ. ಅದರಲ್ಲಿ ಆ ಜಾಗ ಇಲ್ಲದಿದ್ದರೆ ಪರಿಸರ ಅನುಮತಿ ಸಿಗುವುದೇ ಇಲ್ಲ. 5 ಹೆಕ್ಟೇರಿಗಿಂತ ಚಿಕ್ಕದಾದರೂ ಅನುಮತಿ ಬೇಕೇ ಬೇಕು; ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ಆಮೇಲೆ ಟೇಪ್ ಹಿಡಿದು ನದಿಗಿಳಿಯಿರಿ. ಕೇಂದ್ರದ 2020ರ ಮಾರ್ಗಸೂಚಿಯಂತೆ ದಡದಿಂದ ನದಿಯ ಅಗಲದ ಕಾಲು ಭಾಗ ಬಿಡಬೇಕು, ಅದು 7.5 ಮೀಟರಿಗಿಂತ ಕಡಿಮೆ ಆಗಬಾರದು. ಹೊಳೆ 120 ಮೀಟರ್ ಅಗಲವಿದ್ದರೆ 30 ಮೀಟರ್. ಆಳ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟೇ. ಮಳೆಗಾಲದಲ್ಲಿ ತೆಗೆಯುವಂತಿಲ್ಲ.

ತಪ್ಪುವುದು ಹೆಚ್ಚಾಗಿ ಆಳದಲ್ಲೇ. ಒಂದೇ ಕಡೆ ಗುಂಡಿ ತೋಡಿದರೆ ಮಳೆಗಾಲದ ನೀರು ಗುಂಡಿಯ ಮೇಲಂಚನ್ನು ಕೊರೆಯುತ್ತದೆ, ಆ ಕೊರೆತ ನದಿಯ ಮೇಲ್ಭಾಗದ ಕಡೆಗೆ ಸಾಗುತ್ತದೆ. ಅಲ್ಲಿನ ಸೇತುವೆಯ ಕಂಬದ ಬುಡ ಬರಿದಾಗುತ್ತದೆ, ದಡದ ಅಡಿಕೆ ತೋಟ ಕುಸಿಯುತ್ತದೆ, ಬೇಸಿಗೆಯಲ್ಲಿ ಬಾವಿ ನೀರು ಇಳಿಯುತ್ತದೆ. ಮಳೆಗೆ ಮುಂಚೆ ಮತ್ತು ನಂತರ ಒಂದೇ ಗುರುತುಗಳಲ್ಲಿ ನದಿ ಪಾತ್ರದ ಮಟ್ಟ ಅಳೆಸಿ. ಮರಳು ಮತ್ತೆ ತುಂಬದ ಬ್ಲಾಕ್‌ಗೆ ಗ್ರಾಮಸಭೆಯಲ್ಲೇ ಲಿಖಿತ ಆಕ್ಷೇಪಣೆ ಕೊಡಿ.