ಮನೆಯಲ್ಲೇ ಕಾರು ನೋಡಿಕೊಳ್ಳೋಕೆ ಕಡಿಮೆ ಬೆಲೆಯ ಸ್ಕ್ಯಾನರ್ ಯಾವುದು?

ಹಳೇ ಪೆಟ್ರೋಲ್ ಕಾರು, ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ, ಕಾರಿನ ದೋಷದ ಕೋಡನ್ನು ಫೋನಿಗೆ ಕಳಿಸೋ 800 ರೂಪಾಯಿಯ ಬ್ಲೂಟೂತ್ ಡಾಂಗಲ್ ಸಾಕಾ ಅಥವಾ 12,000ದ ಸ್ಕ್ಯಾನರ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಇಲ್ಲೇ ದಾವಣಗೆರೆಯವನು. ನನ್ನದೂ ಇದೇ ಕಥೆ.

ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಕಡೆ. ಕಾರು ನಿಲ್ಲೋದು ರಸ್ತೆ ಬದಿಯಲ್ಲಿ. ಲೈಟ್ ಬಂದಾಗ ಅಗ್ಗದ ಡಾಂಗಲ್ ತರಿಸಿ, ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ಟಿಗೆ ಹಾಕಿ, ಫೋನಲ್ಲಿ ಆಪ್ ತೆರೆದೆ. ಪಿ0135 ಅಂತ ಕೋಡ್ ಬಂತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್, ಬ್ಯಾಂಕ್ 1, ಸೆನ್ಸರ್ 1, ಅಂದ್ರೆ ಎಂಜಿನ್ನಿಗೆ ಹತ್ತಿರದ ಮೊದಲ ಸೆನ್ಸರ್. ಸರಿ, ಸೆನ್ಸರ್ ಹೋಗಿದೆ ಅಂದುಕೊಂಡೆ. ಪಿ.ಬಿ. ರೋಡಿನಲ್ಲಿ ಮೂರು ಸಾವಿರ ಚಿಲ್ಲರೆ ಕೊಟ್ಟು ಹೊಸದು ತಂದು ಹಾಕಿ, ಕೋಡ್ ಅಳಿಸಿದೆ. ಲೈಟ್ ಆರಿತು! ಹರಿಹರಕ್ಕೆ ಹೋಗಿ ಬಂದರೂ ಬರಲಿಲ್ಲ. ಮನೆಯವರಿಗೆಲ್ಲ ಹೇಳಿಕೊಂಡೆ. ಆಮೇಲೆ ಚಿತ್ರದುರ್ಗದ ದಾರಿಯಲ್ಲಿ ಮತ್ತೆ ಹತ್ತಿಕೊಂಡಿತು. ಅದೇ ಕೋಡ್.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಜನ ದುಡ್ಡು ಕಳೆದುಕೊಳ್ಳೋದು ಇಲ್ಲೇ. ಹೀಟರ್ ಸರ್ಕ್ಯೂಟ್ ಅಂದ್ರೆ ಸೆನ್ಸರ್ ಒಂದೇ ಅಲ್ಲ. ಫ್ಯೂಸಿನಿಂದ, ರಿಲೇಯಿಂದ ಬರುವ 12 ವೋಲ್ಟ್, ಅದನ್ನು ತರುವ ವೈರು, ಕನೆಕ್ಟರ್, ಸೆನ್ಸರಿನೊಳಗಿನ ಹೀಟರ್, ಅಲ್ಲಿಂದ ಇಸಿಯುಗೆ (ಎಂಜಿನ್ ನಿಯಂತ್ರಿಸೋ ಕಂಪ್ಯೂಟರಿಗೆ) ಹೋಗುವ ವೈರು, ಎಲ್ಲಾ ಸೇರಿ ಒಂದು ಸುತ್ತು. ಆ ಸುತ್ತಿನಲ್ಲಿ ಎಲ್ಲಿ ತುಂಡಾದರೂ ಇಸಿಯುಗೆ ಕಾಣೋದು ಒಂದೇ: ಕರೆಂಟ್ ಹರೀತಿಲ್ಲ. ಎಲ್ಲಿ ತುಂಡಾಗಿದೆ ಅಂತ ಅದಕ್ಕೆ ಗೊತ್ತಾಗಲ್ಲ. 800ರ ಡಾಂಗಲ್ ಹಾಕಿದರೂ ಅಷ್ಟೇ, 12,000ದ್ದು ಹಾಕಿದರೂ ಅಷ್ಟೇ. ಇನ್ನು ಲೈಟ್ ಆರಿದ್ದು ಯಾಕೆ? ನಾನು ಅಳಿಸಿದ್ದಕ್ಕೆ ಆರಿತು, ರಿಪೇರಿ ಆಗಿದ್ದಕ್ಕಲ್ಲ. ಇಂಥ ದೋಷಕ್ಕೆ ಇಸಿಯು ಸಾಮಾನ್ಯವಾಗಿ ಎರಡು ಸಲ ಗಾಡಿ ಓಡಿದಾಗಲೂ ಅದೇ ತಪ್ಪು ಕಂಡರೆ ಮಾತ್ರ ಲೈಟ್ ಹಾಕುತ್ತದೆ. ಅಷ್ಟರೊಳಗೆ ನಾವು ಗೆದ್ದೆವು ಅಂದುಕೊಂಡಿರುತ್ತೇವೆ. ಜೊತೆಗೆ, ಅಳಿಸಿದಾಗ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ತಪ್ಪು ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಅನ್ನೋ ದಾಖಲೆ ಅದು. ಅದನ್ನು ನಾನು ನೋಡೇ ಇರಲಿಲ್ಲ.

ಕೊನೆಗೆ ಪಕ್ಕದ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಬಂದರು. ಸ್ಕ್ಯಾನರ್ ಮುಟ್ಟಲೇ ಇಲ್ಲ. ಸೆನ್ಸರಿನ ಕನೆಕ್ಟರ್ ಬಿಚ್ಚಿ, ಗಾಡಿ ಕಡೆಯ ಪಿನ್ನಿಗೆ ಮಲ್ಟಿಮೀಟರ್ ಹಿಡಿದರು. ಎಂಜಿನ್ ಚಾಲೂ ಇದೆ, ಮೀಟರಿನಲ್ಲಿ ಸೊನ್ನೆ. ಅಲ್ಲಿ 12 ವೋಲ್ಟಿಗಿಂತ ಜಾಸ್ತಿ ಇರಬೇಕಿತ್ತು. ವೈರಿನ ಕಪ್ಪು ಪೈಪು ಸವರುತ್ತಾ ಹೋದರು. ಬ್ಯಾಟರಿ ಟ್ರೇ ಹಿಂದೆ ಇಲಿ ಕಡಿದಿತ್ತು. ತಾಮ್ರದ ಎಳೆ ಹಸಿರು ಹಿಡಿದು ಪುಡಿಯಾಗಿತ್ತು, ಸುತ್ತ ನಾಲ್ಕು ಕಾಳು ಮಂಡಕ್ಕಿ. ಬೆಸುಗೆ ಹಾಕಿ ಸ್ಲೀವ್ ಸುತ್ತಿ, 200 ರೂಪಾಯಿ ತಗೊಂಡು ಹೋದರು. ನನ್ನ ಹಳೇ ಸೆನ್ಸರಿನ ಎರಡು ಬಿಳಿ ವೈರುಗಳ ಮಧ್ಯೆ ಓಮ್ ಅಳೆದು ತೋರಿಸಿದರು. ಕೆಲವೇ ಓಮ್ ಬಂತು, ಹೀಟರ್ ಚೆನ್ನಾಗೇ ಇತ್ತು. ಹೊಸದನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಎಲೆಕ್ಟ್ರಿಕಲ್ ಐಟಂ ಅಂದರು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯಲ್ಲಿ ಮಲ್ಟಿಮೀಟರ್ ಇಲ್ಲದಿರೋದೇ ತೊಂದರೆ. ಮೊದಲು ಅದು ತಗೊಳ್ಳಿ, ಐನೂರರೊಳಗೆ ಬರುತ್ತದೆ. ಸ್ಕ್ಯಾನರ್ ಆಮೇಲೆ. ಅದರಲ್ಲೂ ಒಂದು ಕಾರಿಗೆ 12,000ದ್ದು ಖಂಡಿತ ಬೇಡ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು), ಏರ್‌ಬ್ಯಾಗ್ ಕೋಡ್ ಅಗ್ಗದ ಡಾಂಗಲ್ಲಿನಲ್ಲಿ ಸಾಮಾನ್ಯವಾಗಿ ಬರಲ್ಲ ನಿಜ. ಆದರೆ ಏರ್‌ಬ್ಯಾಗ್ ಮನೆಯಲ್ಲಿ ಬಿಚ್ಚೋ ಸಾಮಾನೇ ಅಲ್ಲ, ವರ್ಕ್‌ಶಾಪಿಗೇ ಕೊಡಿ.

ಡಾಂಗಲ್ ತಗೊಳ್ಳೋ ಮುಂಚೆ ಗಾಡಿ ಯಾವ ವರ್ಷದ್ದು, ಎಲ್ಲಿಯದು ನೋಡಿ. ಗಾಡಿ ಹೊಗೆಯ ಮಿತಿ ಹೇಳೋ ಬಿಎಸ್4 ನಿಯಮ ಬೆಂಗಳೂರಿನಂಥ ದೊಡ್ಡ ಊರುಗಳಿಗೆ 2010ರಲ್ಲೇ ಬಂತು, ದೇಶಕ್ಕೆಲ್ಲ ಕಡ್ಡಾಯ ಆಗಿದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ನಮ್ಮ ಕಡೆ ಕೊಂಡ ಹಳೇ ಗಾಡಿ ಅದಕ್ಕಿಂತ ಹಿಂದಿನ ಬಿಎಸ್3 ಇರಬಹುದು, ಸಾಕೆಟ್ ಇದ್ದರೂ ಸಾಮಾನ್ಯ ಡಾಂಗಲ್ಲಿಗೆ ಮಾತಾಡದೇ ಇರಬಹುದು. ಯಾರದ್ದಾದರೂ ಎರವಲು ತಂದು ನೋಡಿ. ಹಳೇ ಗಾಡಿಯಲ್ಲಿ ಇಸಿಯು ಮಾತಾಡೋ ದಾರಿ ಈಗಿನ ಕ್ಯಾನ್ ಬದಲು ಹಿಂದಿನ ಕೆ-ಲೈನ್ ಆಗಿದ್ದರೆ 7ನೇ ಪಿನ್ ಮೂಲಕ ಮಾತಾಡುತ್ತದೆ, ಕಳಪೆ ನಕಲುಗಳು ಅಲ್ಲೇ ಕೈಕೊಡೋದು. ಡಾಂಗಲ್ ಮೇಲೆ ಒಳಗಿನ ಚಿಪ್ಪಿನ ಹೆಸರು ಇಎಲ್‌ಎಂ327 ವಿ1.5 ಅಂತ ಬರೆದಿದ್ದರೆ ಅದು ನಕಲೇ. ಆ ಚಿಪ್ ಮಾಡಿದ ಕೆನಡಾದ ಕಂಪನಿ 1.5 ಅನ್ನೋದನ್ನು ಬಿಡುಗಡೆಯೇ ಮಾಡಿರಲಿಲ್ಲ. ನಕಲಾದರೂ ಕೆಲವು ಚೆನ್ನಾಗೇ ನಡೆಯುತ್ತವೆ, ವಾಪಸ್ ತಗೊಳ್ಳೋ ಕಡೆ ಕೊಳ್ಳಿ. ಐಫೋನ್ ಆದರೆ ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರೋದೇ ಬೇಕು.

ಡಾಂಗಲ್ಲನ್ನು ರಾತ್ರಿ ಚುಚ್ಚಿ ಬಿಡಬೇಡಿ. 16ನೇ ಪಿನ್ನಿಗೆ ಕೀ ತೆಗೆದರೂ ಬ್ಯಾಟರಿ ಕರೆಂಟ್ ಬರುತ್ತಿರುತ್ತದೆ. ಕೋಡ್ ಬಂದರೆ ಅಳಿಸಬೇಡಿ, ಫ್ರೀಜ್ ಫ್ರೇಮಿನ ಫೋಟೋ ತೆಗೆದಿಟ್ಟುಕೊಳ್ಳಿ. ಗಾಡಿಯ ವರ್ಷದ ಜೊತೆ ಆ ಕೋಡನ್ನು ಇಲ್ಲಿ ಹಾಕಿ, ಯಾವ ವೈರಿಗೆ ಮೀಟರ್ ಹಿಡಿಯಬೇಕು ಅಂತ ನನಗೆ ತಿಳಿದಷ್ಟು ಹೇಳ್ತೀನಿ.