ನಿಮ್ಮ ಲೇಖನ ಏಳನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ,

ಅಮೆರಿಕದ ಚಿತ್ರಕಥೆಗಾರ, ನಿರ್ದೇಶಕ ಜಾನ್ ಸೇಲ್ಸ್ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟಗಳನ್ನೂ ಓದಿದೆ. (ತಲೆಬರಹ ಬರೀ ‘ಸೇಲ್ಸ್ ಸಾಹಸ’ ಅಂತಿತ್ತು. ನಮ್ಮ ಆಫೀಸಿನ ಹುಡುಗ ಅದನ್ನು ಜಾಹೀರಾತು ವಿಭಾಗಕ್ಕೆ ಕೊಟ್ಟುಬಿಟ್ಟಿದ್ದ!) ಈಗಿರುವ ಹಾಗೇ ಹಾಕಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮೊದಲ ಸಾಲು, ‘ಬಡತನದ ಬೇಗೆಯಲ್ಲಿ ಬೆಂದು ಅರಳಿದ ಹೂವು’. ಬೆಂದ ಹೂವು ಹೇಗೆ ಅರಳುತ್ತೆ ಅನ್ನೋದು ಹಾಗಿರಲಿ, ಆ ಬಡತನ ಎಲ್ಲಿತ್ತು? ಸೇಲ್ಸ್ ಹುಟ್ಟಿದ್ದು 1950ರಲ್ಲಿ, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ. ತಾಯಿ ಟೀಚರ್, ತಂದೆ ಶಾಲಾ ಆಡಳಿತದಲ್ಲಿದ್ದವರು. ಕಾಲೇಜು ಮುಗಿದ ಮೇಲೆ ಸೇಲ್ಸ್ ನರ್ಸಿಂಗ್ ಹೋಮಿನಲ್ಲಿ, ಮಾಂಸದ ಫ್ಯಾಕ್ಟರಿಯಲ್ಲಿ ದುಡಿದದ್ದು ನಿಜ. ಅದನ್ನು ಮಾತ್ರ ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ.

ಆಮೇಲೆ ಎರಡು ಪುಟ ಪ್ರಭಾವಗಳು. ಹದಿನಾಲ್ಕು ನಿರ್ದೇಶಕರ ಹೆಸರು, ಒಬ್ಬೊಬ್ಬರ ಮುಂದೆಯೂ ‘ರಿಂದ ಪ್ರಭಾವಿತರಾದರು’. ಮದುವೆ ಪತ್ರಿಕೆಯ ಕೊನೆಗೆ ‘ಸುಖಾಗಮನ ಬಯಸುವವರು’ ಅಂತ ಇರುತ್ತಲ್ಲ, ಥೇಟ್ ಹಾಗಿದೆ. ಅದನ್ನು ಸ್ವತಃ ಆ ಮನೆಯವರೂ ಓದಲ್ಲ.

ಏಳನೇ ಪುಟಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. 1978ರ ‘ಪಿರಾನ್ಹಾ’. ನಿರ್ಮಾಪಕ ರೋಜರ್ ಕಾರ್ಮನ್ ಕಂಪನಿಗೆ ಕಡಿಮೆ ಖರ್ಚಿನಲ್ಲಿ ಆದ ಚಿತ್ರ, ಬರೆದವರು ಸೇಲ್ಸ್. ನದಿಯಲ್ಲಿ ಮನುಷ್ಯರನ್ನು ತಿನ್ನುವ ಮೀನುಗಳಿವೆ. ಸರಿ, ಜನ ನೀರಿಗೆ ಇಳಿಯದೆ ದಡದಲ್ಲೇ ನಿಂತರೆ ಕಥೆ ಅಲ್ಲಿಗೇ ಮುಗೀತು ಅಲ್ವಾ? ಗೊತ್ತಿದ್ದೂ ಅವರು ನೀರಿಗೆ ಬೀಳಬೇಕು, ಅದಕ್ಕೊಂದು ನಂಬುವಂಥ ಕಾರಣ ಬೇಕು. ಅದನ್ನು ಹುಡುಕುವುದೇ ಸೇಲ್ಸ್ ಅವರ ಕೆಲಸವಾಗಿತ್ತು. ಚಿತ್ರಕಥೆ ಅಂದರೇನು ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ನೀವು ಇದನ್ನು ಹಿಡಿದಿದ್ದೀರಿ, ಆದರೆ ನಾಲ್ಕೇ ಸಾಲಿಗೆ ಬಿಟ್ಟಿದ್ದೀರಿ.

ಹೀಗೆ ಬರೆದು ಕೂಡಿಟ್ಟ ಸುಮಾರು 30,000 ಡಾಲರ್ ಹಾಕಿ ಅವರು ತಮ್ಮ ಮೊದಲ ಚಿತ್ರ ‘ರಿಟರ್ನ್ ಆಫ್ ದಿ ಸಿಕಾಕಸ್ ಸೆವೆನ್’ ಶುರುಮಾಡಿದರು. ಅದು 1980ರಲ್ಲಿ ತೆರೆಗೆ ಬಂತು. ಹಳೇ ಗೆಳೆಯರು ವಾರಾಂತ್ಯಕ್ಕೆ ಒಂದು ಮನೆಯಲ್ಲಿ ಸೇರುತ್ತಾರೆ, ಅಷ್ಟೇ ಕಥೆ. ಯಾಕೆ ಅಷ್ಟೇ? ಕೈಗೆ ಸಿಕ್ಕಿದ್ದು ನಾಟಕದ ಕಡೆಯ ಪರಿಚಯದ ನಟರು, ಎಲ್ಲರೂ ಮೂವತ್ತರ ಆಸುಪಾಸಿನವರು. ಹಾಗಾಗಿ ಪಾತ್ರಗಳಿಗೂ ಮೂವತ್ತು. ಕ್ಯಾಮೆರಾ ಓಡಾಡಿಸಲು ದುಡ್ಡೂ ಇಲ್ಲ, ಪುರುಸೊತ್ತೂ ಇಲ್ಲ. ಹಾಗಾಗಿ ಪಾತ್ರಗಳು ಜಾಸ್ತಿ, ಒಬ್ಬರಿಂದ ಇನ್ನೊಬ್ಬರಿಗೆ ಕಟ್ ಮಾಡುತ್ತಾ ಹೋದರೆ ಚಿತ್ರ ನಿಂತ ಹಾಗೆ ಅನಿಸಲ್ಲ. ಜೇಬು ನೋಡಿಕೊಂಡು ಬರೆದ ಕಥೆ. ನಿಮ್ಮ ಹದಿನಾಲ್ಕು ಹೆಸರಿಗಿಂತ ದೊಡ್ಡ ಪ್ರಭಾವ ಆ ಖಾಲಿ ಜೇಬಿನದು, ಅದರ ಸುದ್ದಿಯೇ ನಿಮ್ಮಲ್ಲಿ ಇಲ್ಲ.

ಅವರ ಇನ್ನೊಂದು ಚಿತ್ರ ‘ಮೇಟ್‌ವಾನ್’ಗೂ ಹೀಗೇ ಅನ್ಯಾಯ ಮಾಡಿದ್ದೀರಿ. ಅದರ ಕಥೆ, ಸೇಲ್ಸ್ ಹುಡುಗನಾಗಿದ್ದಾಗ ಸಿಕ್ಕಿದ ಗಾಡಿ ಹತ್ತಿ ವೆಸ್ಟ್ ವರ್ಜೀನಿಯಾ ಸುತ್ತುತ್ತಾ ಅಲ್ಲಿನ ಗಣಿಯವರಿಂದ ಕಿವಿಗೆ ಬಿದ್ದ ಮಾತು, 1920ರ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ. ಚಿತ್ರ ಮಾಡಲು ಹೊರಟರೆ ದುಡ್ಡು ಕೈಕೊಟ್ಟಿತು. ಸುಮ್ನೆ ಕೂರದೆ ಸ್ವಂತ ದುಡ್ಡಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೇರೊಂದು ಚಿತ್ರ ಮಾಡಿ, 1987ರಲ್ಲಿ ಇದನ್ನು ತೆರೆಗೆ ತಂದರು. ನೀವು ಬರೆದದ್ದು ‘1987ರಲ್ಲಿ ಮೇಟ್‌ವಾನ್ ಬಿಡುಗಡೆಯಾಯಿತು’ ಅಂತ ಮಾತ್ರ.

ಇನ್ನೊಂದು. ಕೊನೇ ಪುಟದಲ್ಲಿ ಅವರಿಗೆ ಎರಡು ಆಸ್ಕರ್ ಕೊಡಿಸಿದ್ದೀರಿ. ಚಿತ್ರಕಥೆಗಾಗಿ ಎರಡು ಸಲ ನಾಮನಿರ್ದೇಶನ ಆಗಿತ್ತು, ಗೆದ್ದಿಲ್ಲ. ತಿದ್ದಿ.

ಏಳನೇ ಪುಟದಿಂದ ಶುರುಮಾಡಿ, ಐದು ಪುಟದೊಳಗೆ ಬರೆದು ಮುಂದಿನ ತಿಂಗಳು ಕಳಿಸಿ. ತಲೆಬರಹ ನಾನೇ ಹಾಕುತ್ತೇನೆ.